ಎಕ್ಸ್-ರೇಯಲ್ಲಿ ಎದೆಯ ಮಧ್ಯ ಅಗಲ ಕಂಡರೆ ಎಲ್ಲರಿಗೂ ಸಿಟಿ ಸ್ಕ್ಯಾನ್ ಮಾಡಿಸಬೇಕಾ?

ರಾತ್ರಿಪಾಳಿ
ನಾನು ತುರ್ತು ವಿಭಾಗದಲ್ಲಿ ಕೆಲಸ ಮಾಡುವವನು. ಹೋದ ವಾರದ ಒಂದು ಕೇಸು ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಮೂವತ್ತರ ಆಸುಪಾಸಿನ ಹುಡುಗ. ಕಾರು ಮುಖಾಮುಖಿ ಡಿಕ್ಕಿ. ಸೀಟ್ ಬೆಲ್ಟ್ ಹಾಕಿದ್ದ. ಬಂದಾಗ ಮಾತಾಡುತ್ತಿದ್ದ, ಬಿಪಿ 118/76, ನಾಡಿ 104. ಎದೆಯ ಮೇಲೆ ಬೆಲ್ಟಿನ ಅಡ್ಡ ಗುರುತು, ಎದೆಮೂಳೆ ಮುಟ್ಟಿದರೆ ಚೀರುತ್ತಿದ್ದ. ಮಲಗಿಸಿಯೇ ತೆಗೆದ ಎಕ್ಸ್-ರೇಯಲ್ಲಿ ಮೀಡಿಯಾಸ್ಟೈನಮ್, ಅಂದರೆ ಎರಡು ಶ್ವಾಸಕೋಶಗಳ ನಡುವಿನ ಜಾಗ, ಸ್ವಲ್ಪ ಅಗಲ ಅನಿಸಿತು. ಜೊತೆಗಿದ್ದ ಹಿರಿಯರು, "ಮಲಗಿಸಿ ತೆಗೆದರೆ ಎಲ್ಲರದ್ದೂ ಅಗಲವೇ ಕಾಣುವುದು, ಬಿಡಯ್ಯಾ" ಅಂದರು. ನಾನು ಬಿಡಲಿಲ್ಲ. ಹಟ ಹಿಡಿದು ಸಿಟಿ ಮಾಡಿಸಿದೆ.

ರಾತ್ರಿ ಎರಡು ಗಂಟೆಗೆ ರಿಪೋರ್ಟ್ ಬಂತು. ಅಯೋರ್ಟಾದ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಇಸ್ತ್ಮಸ್ ಹತ್ತಿರ, ಅಂದರೆ ಅದು ಬಾಗಿ ಕೆಳಗಿಳಿಯಲು ಶುರುವಾಗುವ ಕಡೆ, ಉಬ್ಬು, ಸ್ಯೂಡೋಅನ್ಯೂರಿಸಮ್ (ಗೋಡೆ ಹರಿದು ಹೊರಪದರ ಮಾತ್ರ ರಕ್ತ ತಡೆದಿರುವ ಉಬ್ಬು) ಇರಬಹುದು, ಮೀಡಿಯಾಸ್ಟೈನಮ್‌ನಲ್ಲಿ ಹೆಮಟೋಮಾ (ಸೋರಿ ನಿಂತ ರಕ್ತ) ಇದೆ ಅಂತ. ಅಲ್ಲಿಂದ ಶುರುವಾಯಿತು ನೋಡಿ ಓಡಾಟ. ಬಿಪಿ, ನಾಡಿ ಇಳಿಸುವ ಎಸ್ಮೊಲಾಲ್ ಹಚ್ಚಿದೆವು. ವ್ಯಾಸ್ಕುಲರ್ ಸರ್ಜನ್‌ಗೆ ಫೋನ್ ಮಾಡಿ ಎಬ್ಬಿಸಿದೆವು. ಮನೆಯವರಿಗೆ "ಮುಖ್ಯ ರಕ್ತನಾಳ ಹರಿದಿರಬಹುದು" ಅಂತ ಹೇಳಿದವನು ನಾನೇ. ಹುಡುಗನ ತಾಯಿ ಅಲ್ಲೇ ಗೋಡೆಗೆ ಒರಗಿ ನೆಲಕ್ಕೆ ಕುಸಿದು ಕೂತರು.

ಬೆಳಗ್ಗೆ ಇನ್ನೊಬ್ಬ ರೇಡಿಯಾಲಜಿಸ್ಟ್ ಬಂದರು. ಎರಡು ನಿಮಿಷ ನೋಡಿದರು. "ಇದು ಹುಟ್ಟಿನಿಂದ ಇರುವ ಉಬ್ಬು. ಡಕ್ಟಸ್ ಡೈವರ್ಟಿಕ್ಯುಲಮ್. ಔಷಧಿ ನಿಲ್ಲಿಸಿ" ಅಂದರು.

ಈಗ ನನ್ನ ಪ್ರಶ್ನೆ ಎರಡು. ಎಕ್ಸ್-ರೇ ಅಗಲ ಕಂಡ ಮಾತ್ರಕ್ಕೆ ಸಿಟಿಗೆ ಕಳಿಸಿದ್ದು ತಪ್ಪಾ? ಸಿಟಿಯೇ ಕೊನೆಯ ಮಾತು ಅಂದುಕೊಂಡಿದ್ದೆ, ಅದೂ ಹೀಗೆ ಆಟ ಆಡಿಸಿದರೆ ನಂಬುವುದು ಯಾವುದನ್ನ?

ಬೂದು ಛಾಯೆ
ಎರಡನೇ ಪ್ರಶ್ನೆ ನನ್ನ ಹೊಟ್ಟೆಪಾಡಿನದ್ದು, ಅದಕ್ಕೆ ಮೊದಲು ಬರುತ್ತೇನೆ. ಆಟ ಆಡಿಸಿದ್ದು ಸಿಟಿ ಅಲ್ಲ ಸರ್, ಅದನ್ನು ಓದಿದ ಕಣ್ಣು. ಬೈಯುತ್ತಿಲ್ಲ. ರಾತ್ರಿ ಎರಡಕ್ಕೆ ನಾನೂ ಹಾಗೆ ಓದಿದ್ದೇನೆ.

ಮಗು ಗರ್ಭದಲ್ಲಿರುವಾಗ ಶ್ವಾಸಕೋಶಕ್ಕೆ ಹೋಗುವ ಪಲ್ಮನರಿ ಆರ್ಟರಿಯಿಂದ ಅಯೋರ್ಟಾಕ್ಕೆ ಒಂದು ಅಡ್ಡದಾರಿ ಇರುತ್ತದೆ, ಡಕ್ಟಸ್ ಆರ್ಟೀರಿಯೋಸಸ್. ಹುಟ್ಟಿದ ಮೇಲೆ ಅದು ಮುಚ್ಚಿಕೊಂಡು ಹಗ್ಗದ ಹಾಗೆ ಆಗುತ್ತದೆ. ಅದು ಅಯೋರ್ಟಾಕ್ಕೆ ಅಂಟಿದ್ದ ಕಡೆ, ಬಾಗಿನ ಒಳಮೈಯಲ್ಲಿ, ಕೆಲವರಿಗೆ ಜೀವನಪೂರ್ತಿ ಒಂದು ಉಬ್ಬು ಉಳಿಯುತ್ತದೆ. ಕೆಟ್ಟ ಅದೃಷ್ಟ ಏನೆಂದರೆ, ಅಪಘಾತದಲ್ಲಿ ಅಯೋರ್ಟಾ ಹರಿಯುವುದೂ ಹೆಚ್ಚುಕಮ್ಮಿ ಅದೇ ಜಾಗದಲ್ಲಿ. ಆಸ್ಪತ್ರೆಯವರೆಗೆ ಜೀವಂತ ಬಂದವರಲ್ಲಿ 90%ರಷ್ಟು ಗಾಯ ಇಸ್ತ್ಮಸ್‌ನಲ್ಲೇ ಇರುತ್ತದೆ.

ಬೇರೆ ಮಾಡುವುದು ಹೇಗೆ? ಅಂಚು ನೋಡಿ. ಹುಟ್ಟಿನ ಉಬ್ಬು ನುಣುಪಾಗಿರುತ್ತದೆ. ಗೋಡೆಯಿಂದ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ, ಎರಡೂ ತುದಿಯಲ್ಲಿ ಕೋನ ಅಗಲ. ಗಾಯದ ಉಬ್ಬು ಹಳೇ ಟೈರಿನ ಪಕ್ಕದಲ್ಲಿ ಎದ್ದ ಗುಳ್ಳೆ ಇದ್ದ ಹಾಗೆ. ಕತ್ತು ಕಿರಿದು, ಕೋನ ಚೂಪು, ಅಂಚು ಏರುಪೇರು. ಒಳಗೆ ಹರಿದ ಪದರದ ತೆಳು ಗೆರೆ ಕಾಣಬಹುದು, ಗೋಡೆಗೆ ಹೆಪ್ಪು ಅಂಟಿರಬಹುದು. ಅಡ್ಡ ಚೂರುಗಳಲ್ಲಿ ಮಾತ್ರ ನೋಡಿದರೆ ಎರಡೂ ಒಂದೇ ಥರ ಮೋಸ ಮಾಡುತ್ತವೆ. ಕೊಡೆಯ ಹಿಡಿಯ ಹಾಗೆ ಇಡೀ ಆರ್ಚ್ (ಅಯೋರ್ಟಾದ ಬಾಗು) ಉದ್ದಕ್ಕೆ ಕಾಣುವಂತೆ ಓರೆಯಾಗಿ ಚಿತ್ರ ತಿರುಗಿಸಿ ನೋಡಲೇಬೇಕು.

ಒಂದು ಮಾತು ನೀವು ಹಾಗೇ ದಾಟಿಸಿಬಿಟ್ಟಿರಿ. ಹೆಮಟೋಮಾ ಇತ್ತು ಅಂದಿರಲ್ಲ, ಎಲ್ಲಿತ್ತು? ಅಯೋರ್ಟಾಕ್ಕೆ ಅಂಟಿಕೊಂಡಿತ್ತಾ, ನಡುವೆ ಕೊಬ್ಬಿನ ಪದರ ಉಳಿದಿತ್ತಾ?

ಟ್ರಯಾಜ್ ಅಕ್ಕ
ತಾಯಿ ಗೋಡೆಗೆ ಒರಗಿ ಕೂತದ್ದು ಓದಿ ಎದೆ ಝಲ್ ಅಂದಿತು. "ಹರಿದಿರಬಹುದು" ಅನ್ನೋ ಬದಲು "ಒಂದು ಅನುಮಾನ ಇದೆ, ಬೆಳಗ್ಗೆ ಇನ್ನೊಬ್ಬರು ನೋಡಿ ಹೇಳುತ್ತಾರೆ" ಅನ್ನಬಹುದಿತ್ತು ಡಾಕ್ಟ್ರೇ.

ರಾತ್ರಿಪಾಳಿ
ಒಪ್ಪಿದೆ ಅಕ್ಕಾ. ಅದೇ ಚುಚ್ಚುತ್ತಿರುವುದು.

ಬೂದು ಛಾಯೆ ಸರ್, ಹೆಮಟೋಮಾ ಎಲ್ಲಿತ್ತು ಅಂತ ರಿಪೋರ್ಟಿನಲ್ಲಿ ಬರೆದಿರಲಿಲ್ಲ. ನಾಳೆ ಡ್ಯೂಟಿಗೆ ಹೋದಾಗ ಚಿತ್ರ ತೆಗೆದು ನೋಡಿ ಹೇಳುತ್ತೇನೆ.

ಮಿಲಿಸೀವರ್ಟ್
ಮೊದಲ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ. ನಾನು ಹಾಕುತ್ತೇನೆ. ಇದಕ್ಕೇ ನಾನು ಹೇಳುವುದು, ಕಂಡವರಿಗೆಲ್ಲ ಸಿಟಿ ಬರೆಯಬೇಡಿ ಅಂತ. ಒಂದು ಎದೆಯ ಸಿಟಿಗೆ ಸುಮಾರು 5ರಿಂದ 7 ಮಿಲಿಸೀವರ್ಟ್ ವಿಕಿರಣ. ನಾವೆಲ್ಲ ಸುಮ್ನೆ ಭೂಮಿಯ ಮೇಲೆ ಬದುಕಿದ್ದಕ್ಕೆ ಸಿಗುವ ವಿಕಿರಣವೇ ವರ್ಷಕ್ಕೆ ಸರಾಸರಿ 2.4. ಅಂದರೆ ಎರಡು ಮೂರು ವರ್ಷದ ಪಾಲು ಕೆಲವೇ ಸೆಕೆಂಡಿನಲ್ಲಿ. ತಲೆಯಿಂದ ತೊಡೆಯವರೆಗೆ ಎಳೆದರೆ ಇನ್ನೂ ಜಾಸ್ತಿ. ಮೂವತ್ತರ ಹುಡುಗ, ಬಿಪಿ ಸರಿ ಇದೆ, ಮಾತಾಡುತ್ತಿದ್ದಾನೆ. ಸಿಕ್ಕಿದ್ದೇನು? ಹುಟ್ಟಿನ ಉಬ್ಬು.

ಹಳೇ ಸ್ಟೆತ್
ಮಿಲಿಸೀವರ್ಟ್ ಅವರೇ, ಒಂದು ಅಯೋರ್ಟಾ ಕೈತಪ್ಪಿಸಿಕೊಂಡು ನೋಡಿ, ಆಮೇಲೆ ಮಾತಾಡೋಣ. ನಾನು ತಪ್ಪಿಸಿಕೊಂಡಿದ್ದೇನೆ. ಕಟ್ಟಡದ ಮೂರನೇ ಮಹಡಿಯಿಂದ ಬಿದ್ದವರು. ಕಾಲು ಮುರಿದಿತ್ತು, ಎಲ್ಲರ ಗಮನ ಕಾಲಿನ ಮೇಲೆ. ಎಕ್ಸ್-ರೇ ನಾನೇ ನೋಡಿದೆ, ಸರಿ ಇದೆ ಅನಿಸಿತು. ಮೂರನೇ ದಿನ ಬೆಳಗ್ಗೆ ಕಾಫಿ ಕುಡಿಯುತ್ತಾ ಕೂತಿದ್ದವರು ಹಾಗೇ ಒರಗಿದರು. ಬಿಪಿ ಸರಿ ಇತ್ತು, ಮಾತೂ ಆಡುತ್ತಿದ್ದರು. ಅಯೋರ್ಟಾದ ಹೊರಪದರವೊಂದು ರಕ್ತ ಹಿಡಿದಿಟ್ಟುಕೊಂಡಿರುವವರೆಗೂ ಎಲ್ಲರೂ ಮಾತಾಡುತ್ತಾರೆ.

1958ರಲ್ಲಿ ಪಾರ್ಮ್ಲಿ ಮತ್ತು ಜೊತೆಯವರು ಶವಪರೀಕ್ಷೆಗಳನ್ನು ನೋಡಿ ಬರೆದದ್ದು ಇವತ್ತಿಗೂ ನಾವು ಹೇಳುವ ಪಾಠ. ಅಯೋರ್ಟಾ ಹರಿದವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜನ ಆಸ್ಪತ್ರೆಯನ್ನೇ ಮುಟ್ಟುವುದಿಲ್ಲ. ಮುಟ್ಟಿದವರನ್ನು ನಾವು ಕೈಯಾರೆ ಬಿಡಬಾರದು, ಅಷ್ಟೆ.

ಮಿಲಿಸೀವರ್ಟ್
ಸರ್, ನಿಮ್ಮ ಕೇಸಿನಲ್ಲಿ ಮೂರನೇ ಮಹಡಿ ಇದೆ. ಅಲ್ಲಿ ನಾನೂ ಸಿಟಿ ಬರೆಯುತ್ತೇನೆ. ಇಲ್ಲಿ ಕೇಳಿದ್ದು "ಎಕ್ಸ್-ರೇ ಅಗಲ ಕಂಡರೆ ಸಾಕಾ" ಅಂತ. ಒಂದು ಅನುಭವ ಹೇಳಿ ಎಲ್ಲರನ್ನೂ ಹೆದರಿಸುವುದು ಸುಲಭ.

ಹಳೇ ಸ್ಟೆತ್
ಹೆದರಿಸಲಿಲ್ಲಪ್ಪ. ನೆನಪು ಮಾಡಿಕೊಂಡೆ.

ಮೂರನೇ ವರ್ಷ
ಸಣ್ಣ ಪ್ರಶ್ನೆ, ಬೈಬೇಡಿ. ಇಷ್ಟು ದಪ್ಪ ರಕ್ತನಾಳ ಯಾಕೆ ಯಾವಾಗಲೂ ಅದೇ ಜಾಗದಲ್ಲಿ ಹರಿಯುತ್ತದೆ?

ಹೊಲಿಗೆದಾರ
ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೀಯ ಅಂದುಕೊ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಕೈ ಕಂಬಿಯಲ್ಲೇ ಉಳಿಯುತ್ತದೆ, ಮೈ ಮುಂದಕ್ಕೆ ಹೋಗುತ್ತದೆ. ಜಗ್ಗುವುದು ಭುಜ. ಹೃದಯ ಮತ್ತು ಆರ್ಚ್ ಎದೆಯೊಳಗೆ ಸ್ವಲ್ಪ ಅಲ್ಲಾಡುತ್ತವೆ. ಕೆಳಗಿಳಿಯುವ ಅಯೋರ್ಟಾ ಬೆನ್ನುಮೂಳೆಗೆ ಕಟ್ಟಿ ಹಾಕಿದ ಹಾಗಿದೆ. ಎರಡೂ ಸೇರುವ ಭುಜವೇ ಇಸ್ತ್ಮಸ್. ಎಡ ಸಬ್‌ಕ್ಲೇವಿಯನ್ ಆರ್ಟರಿ (ಎಡಗೈಗೆ ರಕ್ತ ಒಯ್ಯುವ ನಾಳ) ಹುಟ್ಟುವ ಜಾಗದಿಂದ ಸ್ವಲ್ಪ ಕೆಳಗೆ.

ಇದೊಂದೇ ಕಾರಣ ಅಲ್ಲ. ಎದೆಮೂಳೆ ಒಳಕ್ಕೆ ಒತ್ತಿ ಬೆನ್ನುಮೂಳೆಯ ನಡುವೆ ಅಯೋರ್ಟಾ ಚಿವುಟಿಕೊಳ್ಳುತ್ತದೆ ಅನ್ನುವವರೂ ಇದ್ದಾರೆ. ಹೊಟ್ಟೆ ಅದುಮಿ ಒಳಗಿನ ರಕ್ತದ ಒತ್ತಡ ಒಮ್ಮೆಗೇ ನೆಗೆಯುವುದೂ ಸೇರಿಕೊಳ್ಳುತ್ತದೆ. ನನ್ನ ಲೆಕ್ಕದಲ್ಲಿ ಮೂರೂ ಒಟ್ಟಿಗೆ ಆಗುತ್ತವೆ.

ಮೂರನೇ ವರ್ಷ
ಇದನ್ನು ಪರೀಕ್ಷೆಯಲ್ಲಿ ಬರೆದರೆ ಮಾರ್ಕ್ಸ್ ಕೊಡುತ್ತಾರಾ?

ಹೊಲಿಗೆದಾರ
ಬಸ್ಸು ಬಿಟ್ಟು ಬರಿ. ಕೊಡುತ್ತಾರೆ.

ಗ್ಯಾಂಟ್ರಿ ಪಕ್ಕದವ
ನಾನು ಸಿಟಿ ಟೆಕ್ನಿಷಿಯನ್. ಡಾಕ್ಟರುಗಳು ಓದುವುದರ ಬಗ್ಗೆ ಮಾತಾಡುತ್ತಿದ್ದೀರಿ, ತೆಗೆಯುವುದರ ಬಗ್ಗೆ ನಾನು ಎರಡು ಮಾತು ಹೇಳುತ್ತೇನೆ. ಚಿತ್ರ ಹಾಳಾಗಿದ್ದರೆ ದೇವರೇ ಬಂದು ಓದಿದರೂ ಅಷ್ಟೆ.

ಕಾಂಟ್ರಾಸ್ಟ್ (ರಕ್ತನಾಳ ಬಿಳಿಯಾಗಿ ಕಾಣಲು ಚುಚ್ಚುವ ಔಷಧಿ) ಇಲ್ಲದ ಸಿಟಿಯಿಂದ ಅಯೋರ್ಟಾದ ಗೋಡೆ ಹರಿದಿದೆಯೋ ಇಲ್ಲವೋ ಹೇಳುವುದು ಕಷ್ಟ. ಅಕ್ಕಪಕ್ಕ ರಕ್ತ ಇದೆಯೋ ಇಲ್ಲವೋ ಅಷ್ಟು ಕಂಡರೆ ಪುಣ್ಯ. ಕಾಂಟ್ರಾಸ್ಟ್ ಸೆಕೆಂಡಿಗೆ 4ರಿಂದ 5 ಮಿಲಿಲೀಟರ್ ವೇಗದಲ್ಲಿ ಹೋಗಬೇಕು. ಅದಕ್ಕೆ ಮೊಣಕೈ ಮಡಿಕೆಯಲ್ಲಿ 18ರ ದಪ್ಪ ಕ್ಯಾನುಲಾ (ರಕ್ತನಾಳಕ್ಕೆ ಚುಚ್ಚುವ ಕೊಳವೆ) ಬೇಕು, ಕೊನೇ ಪಕ್ಷ 20. ನಮಗೆ ಬರುವುದು ಏನು? ಅಂಗೈ ಹಿಂದೆ 22ರ ತೆಳು ನೀಲಿ ಕ್ಯಾನುಲಾ. ಆಮೇಲೆ "ಚಿತ್ರ ಯಾಕೆ ಮಸುಕು" ಅಂತ ಫೋನು.

ಇನ್ನೊಂದು. ಕ್ಯಾನುಲಾ ಬಲಗೈಯಲ್ಲಿರಲಿ. ಎಡಗೈಯಿಂದ ಹೋದರೆ ಗಟ್ಟಿ ಕಾಂಟ್ರಾಸ್ಟ್ ಎಡ ಬ್ರೇಕಿಯೋಸೆಫಾಲಿಕ್ ರಕ್ತನಾಳದ ಮೂಲಕ ಸರಿಯಾಗಿ ಆರ್ಚ್‌ನ ಮುಂದೆಯೇ ಅಡ್ಡ ಹಾಯುತ್ತದೆ. ಅಲ್ಲಿಂದ ಬಿಳಿ ಗೆರೆಗಳು ಸಿಡಿದು ಆರ್ಚ್ ಮೇಲೆ ಬೀಳುತ್ತವೆ. ಆ ಗೆರೆಯನ್ನೇ ಹರಿದ ಪದರ ಅಂತ ಓದಿದವರನ್ನು ನಾನು ನೋಡಿದ್ದೇನೆ.

ರಾತ್ರಿಪಾಳಿ ಸರ್, ನಿಮ್ಮ ಹುಡುಗನಿಗೆ ಯಾವ ಕೈ?

ಬೂದು ಛಾಯೆ
ಗ್ಯಾಂಟ್ರಿ ಅಣ್ಣ ಹೇಳಿದ್ದಕ್ಕೆ ನೂರು ಅಂಕ. ಜೊತೆಗೆ ಹೃದಯದ ಬಡಿತ ಕೂಡ. ಅಯೋರ್ಟಾ ಹೃದಯದಿಂದ ಹೊರಡುವ ಬುಡದಲ್ಲಿ ಬಡಿತದಿಂದ ಗೋಡೆ ಎರಡೆರಡಾಗಿ ಕಾಣುತ್ತದೆ, ಥೇಟ್ ಹರಿದ ಹಾಗೆ. ಅಲ್ಲಿ ಅನುಮಾನ ಬಂದರೆ ಇಸಿಜಿ ಜೊತೆ ಹೊಂದಿಸಿ ಇನ್ನೊಮ್ಮೆ ತೆಗೆದರೆ ಗೊತ್ತಾಗಿಬಿಡುತ್ತದೆ. ಇಸ್ತ್ಮಸ್‌ನಲ್ಲಿ ಈ ತೊಂದರೆ ಕಡಿಮೆ.

ಪದಜೀವಿ
ವಿಷಯ ಬಿಟ್ಟು ಒಂದು ಮಾತು. ಎಲ್ಲರೂ ಅಯೋರ್ಟಾ ಅಯೋರ್ಟಾ ಅನ್ನುತ್ತಿದ್ದೀರಿ. ಮಹಾಪಧಮನಿ ಅಂತ ಒಳ್ಳೆ ಪದ ಇದೆ, ಶಾಲೆಯ ಪಾಠದಲ್ಲೇ ಇದೆ.

ಟ್ರಯಾಜ್ ಅಕ್ಕ
ರೋಗಿಯ ಮನೆಯವರ ಹತ್ತಿರ "ಮಹಾಪಧಮನಿ" ಅಂದರೆ ದೇವರ ಹೆಸರೇನೋ ಅಂದುಕೊಳ್ಳುತ್ತಾರೆ. "ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ" ಅಂದರೆ ಅರ್ಥ ಆಗುತ್ತದೆ. ನಾನು ಅದನ್ನೇ ಹೇಳುವುದು.

ಪದಜೀವಿ
ಅಪಧಮನಿ ಅನ್ನೋದಕ್ಕೆ "ಮಹಾ" ಸೇರಿಸಿದ್ದು, ಅಷ್ಟೇ ಕಷ್ಟ ಏನಲ್ಲ.

ಹಳೇ ಸ್ಟೆತ್
ನಡುರಾತ್ರಿ ಫೋನಿನಲ್ಲಿ ಮಹಾಪಧಮನಿ, ಅಪಧಮನಿ ಅಂದರೆ ಯಾವುದು ಅಂದೆ ಅಂತ ಇನ್ನೊಮ್ಮೆ ಕೇಳುತ್ತಾರೆ. ಅಯೋರ್ಟಾ ಇರಲಿ ಬಿಡಿ.

ತಮ್ಮನ ಅಣ್ಣ
ನಾನು ಡಾಕ್ಟರ್ ಅಲ್ಲ. ತಮ್ಮನಿಗೆ ಬೈಕ್ ಅಪಘಾತವಾದಾಗಿನಿಂದ ಇಂಥ ಚರ್ಚೆ ಕಂಡಲ್ಲೆಲ್ಲ ಓದುತ್ತಿದ್ದೇನೆ. ಅವನ ಸಿಟಿಯಲ್ಲಿ "ಗ್ರೇಡ್ 1, ಒಳಪದರದ ಸಣ್ಣ ಸೀಳು" ಅಂತ ಬಂತು. ಆಪರೇಷನ್ ಬೇಡ, ಬಿಪಿ ಮಾತ್ರೆ ಸಾಕು, ಮತ್ತೆ ಸಿಟಿ ಮಾಡಿ ನೋಡೋಣ ಅಂದರು. ನಮಗೆ ನಂಬಿಕೆಯೇ ಬರಲಿಲ್ಲ. ಹೃದಯದ ರಕ್ತನಾಳ ಸೀಳಿದೆ ಅನ್ನುತ್ತಾರೆ, ಮಾತ್ರೆ ಕೊಟ್ಟು ಮಲಗಿಸುತ್ತಾರೆ, ಇದೆಂಥ ವೈದ್ಯ ಅಂತ ಅಪ್ಪ ಜಗಳಕ್ಕೇ ನಿಂತಿದ್ದರು. ಮುಂದಿನ ಸಿಟಿಯಲ್ಲಿ ಸೀಳು ಕಾಣಲಿಲ್ಲ. ಈಗ ಆರಾಮಾಗಿದ್ದಾನೆ. ಅವತ್ತು ಯಾಕೆ ಆಪರೇಷನ್ ಮಾಡಲಿಲ್ಲ ಅಂತ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಹೊಲಿಗೆದಾರ
ನಿಮ್ಮ ತಮ್ಮನನ್ನು ನೋಡಿದವರು ಸರಿಯಾಗಿಯೇ ಮಾಡಿದ್ದಾರೆ. ಯಾಕೆ ಅಂತ ಹೇಳುತ್ತೇನೆ.

ಅಯೋರ್ಟಾದ ಗೋಡೆಗೆ ಮೂರು ಪದರ. ಒಳಗಿನ ತೆಳು ಪದರ ಮಾತ್ರ ಗೀರಿದ್ದರೆ ಗ್ರೇಡ್ 1. ಹೊರಗಿನಿಂದ ಅಯೋರ್ಟಾದ ಆಕಾರ ಕೆಟ್ಟಿರುವುದಿಲ್ಲ. ಇಂಥವು ಹೆಚ್ಚಿನಂಶ ತಾವಾಗಿಯೇ ಮಾಯುತ್ತವೆ. ಗೋಡೆಯ ಒಳಗೇ ರಕ್ತ ತುಂಬಿದ್ದರೆ ಗ್ರೇಡ್ 2. ಗೋಡೆ ಹರಿದು ಹೊರಪದರ ಒಂದೇ ರಕ್ತ ತಡೆದಿದ್ದರೆ ಗ್ರೇಡ್ 3, ಅದೇ ಸ್ಯೂಡೋಅನ್ಯೂರಿಸಮ್. ಪೂರಾ ಒಡೆದು ರಕ್ತ ಹೊರಗೆ ಹೋಗುತ್ತಿದ್ದರೆ ಗ್ರೇಡ್ 4. ಅಮೆರಿಕದ ಸೊಸೈಟಿ ಫಾರ್ ವ್ಯಾಸ್ಕುಲರ್ ಸರ್ಜರಿ 2011ರಲ್ಲಿ ಕೊಟ್ಟ ಸಲಹೆ ಪ್ರಕಾರ ಗ್ರೇಡ್ 1ಕ್ಕೆ ಕಾದು ನೋಡುವುದು, 2ರಿಂದ 4ಕ್ಕೆ ರಿಪೇರಿ. ಗ್ರೇಡ್ 2ರಲ್ಲಿ ಈಗಲೂ ನಮ್ಮೊಳಗೆ ಜಗಳ ಇದೆ, ಅದು ಬೇರೆ ಮಾತು.

ರಿಪೇರಿ ಅಂದರೆ ಈಗ ಎದೆ ತೆರೆಯುವುದು ಅಪರೂಪ. ತೊಡೆಯ ರಕ್ತನಾಳದಿಂದ ಬಟ್ಟೆ ಹೊದಿಸಿದ ಸ್ಟೆಂಟ್ ಕಳಿಸಿ ಒಳಗಿನಿಂದ ಹರಿದ ಜಾಗ ಮುಚ್ಚುತ್ತೇವೆ, ಟೆವಾರ್ ಅಂತಾರೆ. ಅಮೆರಿಕದ ಟ್ರಾಮಾ ಸರ್ಜನ್ನರ ಸಂಘ ಹತ್ತು ವರ್ಷದ ಅಂತರದಲ್ಲಿ ಎರಡು ಸಲ ಲೆಕ್ಕ ಹಾಕಿತು. 1997ರ ವರದಿಯಲ್ಲಿ ಎಲ್ಲರಿಗೂ ಎದೆ ತೆರೆದೇ ಆಪರೇಷನ್. 2008ರ ವರದಿಗೆ ಬರುವಾಗ ಸುಮಾರು 65% ಜನರಿಗೆ ಸ್ಟೆಂಟ್. ರಿಪೇರಿಯಿಂದ ಕಾಲು ಸ್ವಾಧೀನ ತಪ್ಪುವುದು 8.7%ರಿಂದ 1.6%ಕ್ಕೆ ಇಳಿಯಿತು.

ಹಳೇ ಸ್ಟೆತ್
ಅದೇ ಎರಡು ವರದಿಯಲ್ಲಿ ಇನ್ನೊಂದು ಲೆಕ್ಕ ಇದೆ, ಈ ಚರ್ಚೆಗೆ ಅದೇ ಮುಖ್ಯ. ಮೊದಲನೆಯದರಲ್ಲಿ ಗಾಯ ಪತ್ತೆಗೆ 87% ಜನರಿಗೆ ಆರ್ಟೋಗ್ರಫಿ (ತಂತಿ ಏರಿಸಿ ಬಣ್ಣ ಬಿಟ್ಟು ಎಕ್ಸ್-ರೇ ತೆಗೆಯುವುದು), ಸಿಟಿ ಸುಮಾರು 35%. ಎರಡನೆಯದರಲ್ಲಿ ಸಿಟಿ 93%, ಆರ್ಟೋಗ್ರಫಿ 8%. ಪೂರಾ ತಲೆಕೆಳಗು.

ನಾನು ಕಲಿಯುವಾಗ ಅಯೋರ್ಟಾ ಅನುಮಾನ ಬಂದರೆ ತೊಡೆಗೆ ಚುಚ್ಚಿ, ತಂತಿ ಏರಿಸಿ, ಬಣ್ಣ ಬಿಟ್ಟು, ಫಿಲ್ಮ್ ತೊಳೆದು ಒಣಗುವವರೆಗೆ ಕಾಯಬೇಕಿತ್ತು. ಹರಿದ ಅಯೋರ್ಟಾದೊಳಗೆ ತಂತಿ ತೂರಿಸುವಾಗ ಕೈ ನಡುಗುತ್ತಿತ್ತು. ಈಗಿನವರಿಗೆ ಉಸಿರು ಹಿಡಿದು ಬಿಡುವಷ್ಟರಲ್ಲಿ ಸಿಗುತ್ತದೆ. ಅದಕ್ಕೇ ಬೆಲೆ ಗೊತ್ತಿಲ್ಲ.

ಮಿಲಿಸೀವರ್ಟ್
ಸುಲಭಕ್ಕೆ ಸಿಗುತ್ತದೆ ಅನ್ನುವುದೇ ನನ್ನ ತಕರಾರು ಸರ್. ತೊಡೆಗೆ ಚುಚ್ಚಬೇಕಿದ್ದ ಕಾಲದಲ್ಲಿ ನೀವು ಹತ್ತು ಸಲ ಯೋಚಿಸುತ್ತಿದ್ದಿರಿ. ಈಗ ಯಾರೂ ಯೋಚಿಸುವುದಿಲ್ಲ. ಬಂದವರನ್ನೆಲ್ಲ ತಲೆಯಿಂದ ತೊಡೆವರೆಗೆ ಎಳೆದುಬಿಡುವುದು. 2016ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ರಿಯಾಕ್ಟ್-2 ಅಧ್ಯಯನ ನೋಡಿ. ಸಾವಿರಕ್ಕೂ ಹೆಚ್ಚು ಗಾಯಾಳುಗಳು. ಅರ್ಧ ಜನರಿಗೆ ಬಂದ ಕೂಡಲೇ ಇಡೀ ದೇಹದ ಸಿಟಿ, ಉಳಿದವರಿಗೆ ಬೇಕಾದ ಕಡೆ ಮಾತ್ರ. ಆಸ್ಪತ್ರೆಯಲ್ಲಿ ಸತ್ತವರು ಎರಡೂ ಕಡೆ 16%.

ಟ್ರಯಾಜ್ ಅಕ್ಕ
ಆದರೆ "ಬೇಕಾದ ಕಡೆ ಮಾತ್ರ" ಗುಂಪಿನವರಲ್ಲೂ ತುಂಬಾ ಜನಕ್ಕೆ ಕೊನೆಗೆ ಒಂದೊಂದೇ ಸೇರಿ ಇಡೀ ದೇಹದ ಸಿಟಿಯೇ ಆಗಿತ್ತು, ಅಲ್ವಾ? ಅದನ್ನೂ ಹೇಳಿ.

ಮಿಲಿಸೀವರ್ಟ್
ಆಗಿತ್ತು. ಒಪ್ಪಿದೆ. ಎಲ್ಲರಿಗೂ ಆಗಿರಲಿಲ್ಲ ಅನ್ನುವುದನ್ನೂ ಸೇರಿಸಿಕೊಳ್ಳಿ.

ಬೂದು ಛಾಯೆ
ಇಬ್ಬರೂ ಸ್ವಲ್ಪ ನಿಲ್ಲಿ. ಎಕ್ಸ್-ರೇಗೆ ಬರೋಣ.

ಆರ್ಚ್ ಮಟ್ಟದಲ್ಲಿ 8 ಸೆಂಟಿಮೀಟರಿಗಿಂತ ಅಗಲ ಇದ್ದರೆ ಅನುಮಾನ ಪಡಿ ಅಂತ ಹಳೇ ನಿಯಮ. ಮಲಗಿಸಿ ಮುಂದಿನಿಂದ ತೆಗೆದ ಚಿತ್ರದಲ್ಲಿ ಹೃದಯ ಮತ್ತು ಮೀಡಿಯಾಸ್ಟೈನಮ್ ಹಿಗ್ಗಿ ಕಾಣುವುದು ನಿಜ, ಆ ಹಿರಿಯರು ಅದರಲ್ಲಿ ತಪ್ಪು ಹೇಳಲಿಲ್ಲ. ಅದಕ್ಕೇ ಅಗಲಕ್ಕಿಂತ ಆಕಾರ ನನಗೆ ಮುಖ್ಯ. ಆರ್ಚ್‌ನ ಗುಂಡು ಅಂಚು ಅಳಿಸಿಹೋಗಿದೆಯಾ, ಮೂಗಿನಿಂದ ಹಾಕಿದ ಟ್ಯೂಬ್ ಬಲಕ್ಕೆ ಸರಿದಿದೆಯಾ, ಎಡ ಶ್ವಾಸಕೋಶದ ನೆತ್ತಿಯ ಮೇಲೆ ಟೋಪಿ ಇಟ್ಟ ಹಾಗೆ ಬಿಳಿ ಇದೆಯಾ, ಎಡ ಬ್ರಾಂಕಸ್ (ಶ್ವಾಸನಾಳದ ಕವಲು) ಕೆಳಕ್ಕೆ ಒತ್ತಿದೆಯಾ ಇವನ್ನು ನೋಡಬೇಕು. ಇವು ಯಾವುದೂ ಇಲ್ಲದೆಯೂ ಅಯೋರ್ಟಾ ಹರಿದಿರಬಹುದು, ಹಳೇ ಸ್ಟೆತ್ ಸರ್ ಕೇಸಿನ ಹಾಗೆ. ಅಂದರೆ ಎಕ್ಸ್-ರೇ ಕೆಟ್ಟಿದ್ದರೆ ಅನುಮಾನ ಹೆಚ್ಚುತ್ತದೆ. ಸರಿ ಇದ್ದರೆ ಏನನ್ನೂ ತಳ್ಳಿಹಾಕುವುದಿಲ್ಲ.

ಹಾಗಾದರೆ ಯಾರನ್ನು ಬಿಡಬಹುದು? 2015ರಲ್ಲಿ ಬಂದ ನೆಕ್ಸಸ್ ಚೆಸ್ಟ್ ಸಿಟಿ ನಿಯಮ ಒಂದಿದೆ. ಎಕ್ಸ್-ರೇ ಕೆಟ್ಟಿರಬಾರದು. ಗಮನ ಬೇರೆ ಕಡೆ ಸೆಳೆಯುವಂಥ ದೊಡ್ಡ ನೋವಿನ ಗಾಯ ಇರಬಾರದು. ಎದೆಗೂಡು, ಎದೆಮೂಳೆ, ಎದೆಯ ಹಿಂದಿನ ಬೆನ್ನುಮೂಳೆ, ಹೆಗಲ ಹಲಗೆ ಮುಟ್ಟಿದರೆ ನೋವಿರಬಾರದು. 20 ಅಡಿಗಿಂತ ಎತ್ತರದಿಂದ ಬಿದ್ದಿರಬಾರದು, ಗಂಟೆಗೆ 40 ಮೈಲಿ ಮೀರಿದ ವೇಗದಲ್ಲಿ ಹೋಗಿ ಗಕ್ಕನೆ ನಿಂತ ಡಿಕ್ಕಿ ಆಗಿರಬಾರದು. ಇಷ್ಟೂ ಇಲ್ಲದಿದ್ದರೆ ಎದೆಯ ಸಿಟಿ ಬಿಟ್ಟರೂ ನಡೆಯುತ್ತದೆ. ತಿರುಗಿಸಿ ಓದಬೇಡಿ. ಒಂದು ಇದ್ದ ಕೂಡಲೇ ಸಿಟಿ ಮಾಡಲೇಬೇಕು ಅಂತ ಅದು ಹೇಳುವುದಿಲ್ಲ. ಅಲ್ಲಿ ನಿಮ್ಮ ತಲೆ ಓಡಿಸಬೇಕು.

ರಾತ್ರಿಪಾಳಿ ಸರ್ ಅವರ ಹುಡುಗನಿಗೆ ಮುಖಾಮುಖಿ ಡಿಕ್ಕಿ, ಬೆಲ್ಟಿನ ಗುರುತು, ಎದೆಮೂಳೆ ನೋವು, ಅನುಮಾನದ ಎಕ್ಸ್-ರೇ. ನಾನಾದರೂ ಕಳಿಸುತ್ತಿದ್ದೆ. ಅಗಲ ಕಂಡಿತು ಅಂತಲ್ಲ, ಎಲ್ಲ ಸೇರಿ.

ಮಿಲಿಸೀವರ್ಟ್
ಹೀಗೆ ಹೇಳಿದರೆ ನನಗೂ ಅಡ್ಡಿ ಇಲ್ಲ. ಶೀರ್ಷಿಕೆ ನೋಡಿ ರೇಗಿದ್ದು ನಾನು.

ಟ್ರಯಾಜ್ ಅಕ್ಕ
ಇನ್ನೊಂದು ಯಾರೂ ಹೇಳಲಿಲ್ಲ. ಬಿಪಿ 70 ಇರುವವರನ್ನು ಸಿಟಿ ಕೋಣೆಗೆ ತಳ್ಳಿಕೊಂಡು ಹೋಗುವವರು ಈಗಲೂ ಇದ್ದಾರೆ. ಆ ಸುರಂಗದೊಳಗೆ ಎದೆ ಒತ್ತುವುದಕ್ಕೆ ಜಾಗ ಇರುವುದಿಲ್ಲ, ರಕ್ತದ ಚೀಲ ನೇತುಹಾಕಲು ಕೈ ಸಾಲುವುದಿಲ್ಲ. ಒಮ್ಮೆ ನನ್ನ ಕಣ್ಣೆದುರೇ ಟೇಬಲ್ ಒಳಗೆ ಹೋದಾಗ ನಾಡಿ ನಿಂತಿತು. ಬಿಪಿ ಬಿದ್ದವರಿಗೆ ಮೊದಲು ಹಾಸಿಗೆ ಪಕ್ಕದಲ್ಲೇ ಅಲ್ಟ್ರಾಸೌಂಡ್. ಹೊಟ್ಟೆಯಲ್ಲಿ ರಕ್ತ ಇದ್ದರೆ ಸೀದಾ ಥಿಯೇಟರ್.

ಹೊಲಿಗೆದಾರ
ಅಕ್ಕ ಹೇಳಿದ್ದಕ್ಕೆ ಕೈಮುಗಿದೆ. ಅಯೋರ್ಟಾ ಹರಿದವನ ಬಿಪಿ ಬಿದ್ದಿದ್ದರೆ ಬಹಳ ಸಲ ರಕ್ತ ಸೋರುತ್ತಿರುವುದು ಬೇರೆ ಕಡೆಯಿಂದ. ಗುಲ್ಮ, ಯಕೃತ್ತು, ಸೊಂಟದ ಮೂಳೆ. ಅದನ್ನು ಮೊದಲು ನಿಲ್ಲಿಸಬೇಕು. ಹೊರಪದರ ಹಿಡಿದಿರುವ ಅಯೋರ್ಟಾ ಕಾಯುತ್ತದೆ, ಬಿಪಿ 120ರ ಕೆಳಗೆ, ನಾಡಿ 100ರ ಕೆಳಗೆ ಇಟ್ಟರೆ. ತಲೆಗೆ ಪೆಟ್ಟಾಗಿದ್ದರೆ ಮಾತ್ರ ಪೇಚಾಟ. ಮೆದುಳು ಬಿಪಿ ಬೇಕು ಅನ್ನುತ್ತದೆ, ಅಯೋರ್ಟಾ ಬೇಡ ಅನ್ನುತ್ತದೆ.

ರೇಡಿಯಾಲಜಿಯವರಿಗೆ ನನ್ನದೊಂದು ಬೇಡಿಕೆ. ರಿಪೋರ್ಟಿನಲ್ಲಿ "ಗಾಯ ಇದೆ" ಅಂತ ಬರೆದು ನಿಲ್ಲಿಸಬೇಡಿ. ಎಡ ಸಬ್‌ಕ್ಲೇವಿಯನ್‌ನಿಂದ ಗಾಯ ಎಷ್ಟು ದೂರ, ಅಯೋರ್ಟಾ ಎಷ್ಟು ಅಗಲ, ಮೆದುಳಿಗೆ ಹೋಗುವ ಎಡ ವರ್ಟಿಬ್ರಲ್ ಆರ್ಟರಿ ನೇರ ಆರ್ಚ್‌ನಿಂದಲೇ ಹುಟ್ಟಿದೆಯಾ ಬರೆಯಿರಿ. ಸ್ಟೆಂಟ್ ಕೂರಿಸುವುದಕ್ಕೆ ಸಬ್‌ಕ್ಲೇವಿಯನ್ ಮುಚ್ಚಬೇಕಾಗಬಹುದು. ಆಮೇಲೆ ಅಳತೆಯಲ್ಲಿ ಒಂದು ಮೋಸ ಇದೆ. ರಕ್ತ ಹೋಗಿ ಸೊರಗಿದ ಹುಡುಗರ ಅಯೋರ್ಟಾ ಸಿಟಿಯಲ್ಲಿ ಸಣ್ಣದಾಗಿ ಕಾಣುತ್ತದೆ. ಅದೇ ಅಳತೆಗೆ ಸ್ಟೆಂಟ್ ತಂದರೆ, ರಕ್ತ ಏರಿಸಿದ ಮೇಲೆ ಅಯೋರ್ಟಾ ಹಿಗ್ಗಿ ಸ್ಟೆಂಟ್ ಸಡಿಲ. ಅಳತೆ ಯಾವ ಬಿಪಿಯಲ್ಲಿ ತೆಗೆದದ್ದು ಅಂತ ನಾನು ಯಾವಾಗಲೂ ಕೇಳುತ್ತೇನೆ, ಎಲ್ಲರೂ ಮುಖ ನೋಡುತ್ತಾರೆ.

ಬೂದು ಛಾಯೆ
ಬಿಪಿ ಬರೆಯುವ ಅಭ್ಯಾಸ ನನಗೂ ಇಲ್ಲ. ಇವತ್ತಿನಿಂದ ಬರೆಯುತ್ತೇನೆ.

ತಮ್ಮನ ಅಣ್ಣ
ಹೊಲಿಗೆದಾರ ಸರ್, ಅಪ್ಪನಿಗೆ ಮೂರು ಪದರದ ವಿಷಯ ಓದಿ ಹೇಳಿದೆ. "ಅವತ್ತೇ ಹೀಗೆ ಹೇಳಿದ್ದರೆ ಜಗಳ ಆಡುತ್ತಿರಲಿಲ್ಲ" ಅಂದರು.

ರಾತ್ರಿಪಾಳಿ
ಡ್ಯೂಟಿ ಮುಗಿಸಿ ಬಂದೆ. ಚಿತ್ರ ತೆಗೆದು ನೋಡಿದೆ.

ಹೆಮಟೋಮಾ ಇದೆ. ಆದರೆ ಪೂರ್ತಿ ಮುಂದೆ, ಎದೆಮೂಳೆಯ ಬೆನ್ನಿಗೆ ಅಂಟಿಕೊಂಡು. ಎದೆಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅಡ್ಡ ಚೂರಿನಲ್ಲಿ ನನಗೆ ಕಾಣಲಿಲ್ಲ, ಪಕ್ಕದಿಂದ ತಿರುಗಿಸಿದಾಗ ಕಂಡಿತು. ಹೆಮಟೋಮಾಕ್ಕೂ ಅಯೋರ್ಟಾಕ್ಕೂ ನಡುವೆ ಕಪ್ಪಗೆ ಕೊಬ್ಬಿನ ಪದರ ಅಚ್ಚುಕಟ್ಟಾಗಿ ಉಳಿದಿದೆ. ಇಸ್ತ್ಮಸ್ ಸುತ್ತ ಒಂದು ಹನಿ ರಕ್ತ ಇಲ್ಲ. ಕೊಡೆಯ ಹಿಡಿಯ ಥರ ತಿರುಗಿಸಿದರೆ ಉಬ್ಬು ದಿಬ್ಬದ ಹಾಗೆ ನುಣ್ಣಗೆ ಏರಿ ಇಳಿಯುತ್ತದೆ.

ಬೂದು ಛಾಯೆ
ಅಲ್ಲಿಗೆ ಕಥೆ ಪೂರ್ತಿ ಆಯಿತು. ರಕ್ತ ಬಂದದ್ದು ಮುರಿದ ಮೂಳೆಯಿಂದ, ಉಬ್ಬು ಬಂದದ್ದು ಹುಟ್ಟಿನಿಂದ. ರಾತ್ರಿ ಓದಿದವರು ಎರಡನ್ನೂ ಕೂಡಿಸಿ ಮೂರನೆಯದ್ದನ್ನು ಕಂಡರು. ಹೆಮಟೋಮಾ ಇದೆ ಅಂದ ಕೂಡಲೇ ಅಯೋರ್ಟಾ ಅಲ್ಲ. ಸಣ್ಣ ವೇನುಗಳು (ಅಭಿಧಮನಿಗಳು), ಮುರಿದ ಮೂಳೆ ಇವೂ ರಕ್ತ ಸುರಿಸುತ್ತವೆ. ಮೊದಲು ನೋಡಬೇಕಾದ್ದು ಆ ಕೊಬ್ಬಿನ ಗೆರೆ.

ಹಳೇ ಸ್ಟೆತ್
ಆದರೂ ಎಸ್ಮೊಲಾಲ್ ಹಚ್ಚಿದ್ದು ತಪ್ಪಲ್ಲ ರಾತ್ರಿಪಾಳಿ. ಕೈಯಲ್ಲಿದ್ದ ರಿಪೋರ್ಟಿಗೆ ಅದೇ ಸರಿಯಾದ ಕೆಲಸ. ಸ್ಟೆಂಟ್ ಹಾಕಿಬಿಟ್ಟಿದ್ದರೆ ಅದು ತಪ್ಪು.

ಮಿಲಿಸೀವರ್ಟ್
ಎದೆಮೂಳೆ ಮುರಿದಿತ್ತು ಅಂದಮೇಲೆ ನನ್ನ "ಸಿಕ್ಕಿದ್ದೇನು" ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಮೂರನೇ ವರ್ಷ
ಹುಡುಗ ಈಗ ಹೇಗಿದ್ದಾನೆ?

ರಾತ್ರಿಪಾಳಿ
ಮೂರನೇ ದಿನ ನಡೆದುಕೊಂಡು ಮನೆಗೆ ಹೋದ. ಕೆಮ್ಮಿದರೆ ಎದೆಮೂಳೆ ನೋಯುತ್ತದಂತೆ. ತಾಯಿ ಹತ್ತಿರ ಕೂತು ಆ ರಾತ್ರಿ ಏನಾಯಿತು ಅಂತ ಬಿಡಿಸಿ ಹೇಳಿದೆ. ಹುಟ್ಟಿನಿಂದ ಉಬ್ಬು ಇರುವ ವಿಷಯ ಡಿಸ್ಚಾರ್ಜ್ ಕಾಗದದಲ್ಲಿ ಬರೆಸಿದೆ, ಮುಂದೆ ಯಾರಾದರೂ ಸಿಟಿ ತೆಗೆದಾಗ ಮತ್ತೆ ಇದೇ ರಾದ್ಧಾಂತ ಆಗಬಾರದು ಅಂತ.

ಟ್ರಯಾಜ್ ಅಕ್ಕ
ಅದು ಒಳ್ಳೇದು ಮಾಡಿದಿರಿ. ಸಿಟಿಯ ಒಂದು ಚಿತ್ರವನ್ನೂ ಅವರ ಫೋನಿಗೆ ಹಾಕಿಕೊಡಿ, ಕಾಗದ ಕಳೆದುಹೋಗುತ್ತದೆ.

ಗ್ಯಾಂಟ್ರಿ ಪಕ್ಕದವ
ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ ಸರ್. ಯಾವ ಕೈ?

ರಾತ್ರಿಪಾಳಿ
ಎಡಗೈ. ಅಂಗೈ ಹಿಂದೆ. ನೀಲಿ.

ಗ್ಯಾಂಟ್ರಿ ಪಕ್ಕದವ
ಗೊತ್ತಿತ್ತು.